ಕೆಲಸದ ಎರಡು ಪಟ್ಟಿಗಳು

ವಿಮರ್ಶೆ ಎಂದರೆ ಕಥೆ, ಕಾದಂಬರಿ, ಕವನ ಸಂಕಲನಗಳ ಬಗ್ಗೆ ಬರೆಯುವುದು ಎಂಬುದು ರೂಢಿ. ಈ ಸಲ ನಾನು ಎರಡು ಪಟ್ಟಿಗಳನ್ನು ಎದುರಿಗಿಟ್ಟುಕೊಂಡಿದ್ದೇನೆ. ಒಂದು, ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಅವರು 1999ರಲ್ಲಿ ಬರೆದ ಲೇಖನವೊಂದರಲ್ಲಿ ಇರುವುದು: ಆಟಿಸಂ ಅಥವಾ ಆಸ್ಪರ್ಜರ್ ಸಿಂಡ್ರೋಮ್ ಇರುವವರಿಗೆ ಯಾವ ಕೆಲಸ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬ ಪಟ್ಟಿ. ಇನ್ನೊಂದು ನಮ್ಮ ಕೇಂದ್ರ ಸರ್ಕಾರ 2021ರ ಜನವರಿ 4ರಂದು ಹೊರಡಿಸಿದ, ಅಂಗವಿಕಲರಿಗೆ ತಕ್ಕವೆಂದು ಗುರುತಿಸಿದ 3566 ಹುದ್ದೆಗಳ ಪಟ್ಟಿ. ಎರಡನ್ನೂ ಬರೆದವರು ಸಾಹಿತ್ಯ ರಚಿಸಲು ಹೊರಟವರಲ್ಲ. ಆದರೆ ಎರಡರೊಳಗೂ ಒಬ್ಬ ಕಾಲ್ಪನಿಕ ಮನುಷ್ಯ ಇದ್ದಾನೆ. ಅವನು ಹೇಗಿದ್ದಾನೆ ಎಂದು ನೋಡುವುದು ವಿಮರ್ಶೆಯ ಕೆಲಸವೇ ಅಂದುಕೊಂಡಿದ್ದೇನೆ.

ಹೆಸರಿನ ಬಗ್ಗೆ ಮೊದಲು ಒಂದು ಮಾತು. ವಿಯೆನ್ನಾದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಜರ್ 1944ರಲ್ಲಿ ಕೆಲವು ಹುಡುಗರ ಬಗ್ಗೆ ಬರೆದರು. ಇಂಗ್ಲೆಂಡಿನ ಲೋರ್ನಾ ವಿಂಗ್ 1981ರಲ್ಲಿ ಆ ಸ್ಥಿತಿಗೆ ಅವರ ಹೆಸರನ್ನೇ ಇಟ್ಟು ಪ್ರಚಾರಕ್ಕೆ ತಂದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಆ ಹೆಸರನ್ನು ಬಿಟ್ಟು, ಎಲ್ಲವನ್ನೂ ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ಸೂರಿನಡಿ ತಂದಿತು. ನಾಜಿ ಆಡಳಿತದ ಜೊತೆ ಆಸ್ಪರ್ಜರ್ ಕೈಜೋಡಿಸಿದ್ದ ದಾಖಲೆಗಳು 2018ರಲ್ಲಿ ಪ್ರಕಟವಾದ ಮೇಲೆ ಆ ಹೆಸರೇ ಬೇಡ ಎನ್ನುವವರೂ ಇದ್ದಾರೆ. ಆದರೂ ಅದಕ್ಕೆ ಮುಂಚೆ ಡಾಕ್ಟರ ಚೀಟಿಯಲ್ಲಿ ಆ ಹೆಸರು ಬರೆಸಿಕೊಂಡು ಬಂದ ಮನೆಗಳಲ್ಲಿ ಈಗಲೂ ಅದೇ ನಡೆಯುತ್ತಿದೆ. ಮಾತು ಬರುತ್ತದೆ, ಓದು ಬರುತ್ತದೆ, ಡಿಗ್ರಿಯೂ ಆಗಿರುತ್ತದೆ. ಎದುರಿನವರ ಮುಖದಲ್ಲಿ, ದನಿಯಲ್ಲಿ, ಅರ್ಧಕ್ಕೆ ಬಿಟ್ಟ ಮಾತಿನಲ್ಲಿ ಇರುವುದು ಮಾತ್ರ ತಲುಪುವುದಿಲ್ಲ. ಸದ್ದು, ಬೆಳಕು, ವಾಸನೆಗಳೋ ಬೇಕಾದ್ದಕ್ಕಿಂತ ಹೆಚ್ಚೇ ತಲುಪುತ್ತವೆ. ಇಂಥವರು ಇಪ್ಪತ್ತೈದು ದಾಟಿದ ಮೇಲೆ ಏನು ಮಾಡಬೇಕು ಎಂಬುದು ಎರಡೂ ಪಟ್ಟಿಗಳ ಮುಂದಿರುವ ಪ್ರಶ್ನೆ.

ಗ್ರ್ಯಾಂಡಿನ್ ಸ್ವತಃ ಆಟಿಸಂ ಇರುವವರು. ಕೊಲರಾಡೊದಲ್ಲಿ ಪ್ರಾಧ್ಯಾಪಕಿ, ದನಗಳು ಗಾಬರಿಬೀಳದೆ ಸಾಗುವಂಥ ಓಣಿಗಳನ್ನು, ಕಟಕಟೆಗಳನ್ನು ವಿನ್ಯಾಸ ಮಾಡಿ ಹೆಸರಾದವರು. ಅವರ ಪಟ್ಟಿಯಲ್ಲಿ ನನಗೆ ಹಿಡಿಸಿದ್ದು ಹುದ್ದೆಗಳಲ್ಲ, ಪ್ರತಿ ಹುದ್ದೆಯ ಪಕ್ಕದಲ್ಲಿ ಕೊಟ್ಟಿರುವ ಕಾರಣ. ಅಂಗಡಿಯ ಕ್ಯಾಷಿಯರ್ ಕೆಲಸ ಬೇಡ ಅನ್ನುತ್ತಾರೆ. ಲೆಕ್ಕ ಬರುವುದಿಲ್ಲ ಅಂತಲ್ಲ, ಸರದಿ ನಿಂತಿರುವಾಗ ಚಿಲ್ಲರೆ ಕೊಡುವುದು ಒಂದೇ ಸಮಯಕ್ಕೆ ನಾಲ್ಕು ವಿಷಯ ತಲೆಯಲ್ಲಿ ಇಟ್ಟುಕೊಳ್ಳುವ ಕೆಲಸ ಅಂತ. ಆದರೆ ಬ್ಯಾಂಕಿನಲ್ಲಿ ಹಣ ಎಣಿಸುವ ಟೆಲ್ಲರ್ ಆಗಬಹುದು, ಅಲ್ಲಿ ಆ ಧಾವಂತ ಕಡಿಮೆ. ಹೋಟೆಲಿನ ಮಾಣಿ, ರಿಸೆಪ್ಷನಿಸ್ಟ್, ವಿಮಾನದ ಟಿಕೆಟ್ ಕೌಂಟರ್ ಬೇಡ. ಗ್ರಂಥಾಲಯ, ಸ್ಟಾಕ್ ಲೆಕ್ಕ, ಕರಡು ತಿದ್ದುವುದು, ಯಂತ್ರ ರಿಪೇರಿ, ಪ್ರೋಗ್ರಾಮಿಂಗ್, ಪಿಯಾನೋ ಶ್ರುತಿ ಮಾಡುವುದು ಆಗಬಹುದು. ಮಾತು ಬಾರದವರಿಗೂ ಒಂದು ಪಟ್ಟಿ ಇದೆ: ಪುಸ್ತಕಗಳನ್ನು ಕಪಾಟಿಗೆ ಹಿಂದಿರುಗಿಸುವುದು, ಜೆರಾಕ್ಸ್ ಅಂಗಡಿ, ತೋಟ. ಇಂಟರ್‌ವ್ಯೂನಲ್ಲಿ ನಿಮ್ಮನ್ನು ನೀವು ಮಾರಿಕೊಳ್ಳಲು ಹೋಗಬೇಡಿ, ಮಾಡಿದ ಕೆಲಸವನ್ನು ಮುಂದಿಡಿ ಎಂಬುದು ಅವರ ಮುಖ್ಯ ಸಲಹೆ. ತಾನು ಬರೆದ ನಕ್ಷೆಗಳನ್ನು ತೋರಿಸಿಯೇ ಅವರು ಕೆಲಸ ಗಿಟ್ಟಿಸಿಕೊಂಡದ್ದು.

ಈ ಪಟ್ಟಿಯನ್ನು ಚೆನ್ನೈಯಲ್ಲಿ ಕೂತು ಓದಿದರೆ ಅಲ್ಲಲ್ಲಿ ಹೊಲಿಗೆ ಬಿಚ್ಚುತ್ತದೆ. ಬ್ಯಾಂಕ್ ಟೆಲ್ಲರ್ ಅನ್ನೇ ತೆಗೆದುಕೊಳ್ಳಿ. ತಿಂಗಳ ಮೊದಲ ವಾರ ಪೆನ್ಷನ್ ಬರುವ ದಿನ ಮೈಲಾಪುರದ ಯಾವ ಬ್ಯಾಂಕಿಗಾದರೂ ಹೋಗಿ ನೋಡಿ. ಕಿಟಕಿಯ ಮುಂದೆ ಒಬ್ಬರು, ಆಚೆ ಈಚೆ ಇಬ್ಬರು, ‘ಒಂದೇ ಒಂದು ಡೌಟ್ ಸಾರ್’ ಎಂದು ಹಿಂದಿನಿಂದ ಕೈ ಚಾಚುವವರೊಬ್ಬರು. ಟ್ಯಾಕ್ಸಿ ಓಡಿಸುವುದು ಗ್ರ್ಯಾಂಡಿನ್ ಅವರ ಒಳ್ಳೆಯ ಪಟ್ಟಿಯಲ್ಲಿದೆ, ಊರಿನ ಬೀದಿಗಳೆಲ್ಲ ನೆನಪಿರುವವರಿಗೆ ಎಂದು. ಬೀದಿ ನೆನಪಿಡುವವರಿಗೆ ಚೆನ್ನೈ ಹಬ್ಬವೇ ಸರಿ. ಮೌಂಟ್ ರೋಡು ಅಣ್ಣಾ ಸಾಲೈ ಆಗಿದೆ, ಮೌಬ್ರೇಸ್ ರೋಡು ಟಿಟಿಕೆ ರೋಡು, ಎಡ್ವರ್ಡ್ ಎಲಿಯಟ್ಸ್ ರೋಡು ರಾಧಾಕೃಷ್ಣನ್ ಸಾಲೈ. ಒಂದೊಂದು ಬೀದಿಗೂ ಎರಡೆರಡು ಹೆಸರು ಇಟ್ಟುಕೊಂಡು ಆಡಬಹುದು. ಆದರೆ ಇಲ್ಲಿ ಗಾಡಿ ಓಡಿಸುವ ಕೆಲಸದಲ್ಲಿ ಬೀದಿ ಅರ್ಧ, ಮಿಕ್ಕರ್ಧ ಹಾರ್ನು ಮತ್ತು ಚೌಕಾಸಿ.

ಇದಕ್ಕಿಂತ ದೊಡ್ಡ ತೊಡಕು ಭಾಷೆಯದು. ನಮ್ಮಂಥ ವಲಸೆ ಬಂದ ಮನೆಗಳ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಆಫೀಸಿನಲ್ಲಿ ಇಂಗ್ಲಿಷ್ ಎಂದು ಬೆಳೆದವರು. ಮೂರು ಭಾಷೆಯ ವ್ಯಾಕರಣ ಕಲಿಯುವುದು ಆಸ್ಪರ್ಜರ್ ಇರುವ ಹುಡುಗನಿಗೆ ಕಷ್ಟವಲ್ಲ, ಎಷ್ಟೋ ಸಲ ಅದು ಅವನಿಗೆ ಖುಷಿ. ಕಷ್ಟ ಇರುವುದು ಹೇಳದೆ ಹೇಳುವುದರಲ್ಲಿ. ಕನ್ನಡದಲ್ಲಿ ‘ನೋಡೋಣ’ ಅಂದರೆ ಬಹಳ ಸಲ ‘ಇಲ್ಲ’ ಎಂದೇ ಅರ್ಥ. ತಮಿಳಿನ ‘ಪಾಕ್ಕಲಾಂ’ ಕೂಡ ಅದೇ. ‘ಪಾತ್ತು ಪಣ್ಣುಂಗ’ ಎಂದು ಮೇಲಿನವರು ಹೇಳಿದರೆ, ನೋಡಿಕೊಂಡು ಮಾಡಿ ಎಂದರೆ, ಏನನ್ನು ನೋಡಿಕೊಳ್ಳಬೇಕು, ಎಷ್ಟನ್ನು ಮಾಡಬೇಕು ಎಂಬುದು ಆ ಎರಡು ಪದಗಳಲ್ಲಿ ಎಲ್ಲೂ ಇಲ್ಲ. ಇಲ್ಲ ಎನ್ನದೆ ಇಲ್ಲ ಎನ್ನುವುದನ್ನು ನಾವು ಸಭ್ಯತೆ ಎಂದು ಕರೆದುಕೊಂಡು ಬಂದಿದ್ದೇವೆ. ಅದನ್ನು ಅಕ್ಷರಶಃ ತೆಗೆದುಕೊಂಡವನು ಮೂರನೆಯ ದಿನ ‘ಸಾರ್, ನೋಡಿದಿರಾ?’ ಎಂದು ಕೇಳಿದರೆ ಅವನು ಒರಟ ಅನ್ನಿಸಿಕೊಳ್ಳುತ್ತಾನೆ.

ನನ್ನ ಅಕ್ಕನ ಮಗನ ವಿಷಯ ಇಲ್ಲಿ ಹೇಳದೆ ಆಗುವುದಿಲ್ಲ, ಯಾಕೆಂದರೆ ಈ ಪಟ್ಟಿಗಳು ನನ್ನ ಕೈಗೆ ಬಂದದ್ದೇ ಅವನಿಂದಾಗಿ. ಬಿ.ಕಾಂ. ಮುಗಿಸಿದ. ಓಎಂಆರ್‌ನಲ್ಲಿರುವ ಕಂಪನಿಯೊಂದರ ಲಿಖಿತ ಪರೀಕ್ಷೆಗಳೆಲ್ಲ ಪಾಸಾದ. ಕೊನೆಯ ಇಂಟರ್‌ವ್ಯೂ ಮುಗಿಸಿ ಬಂದವನನ್ನು ಏನಾಯಿತೋ ಅಂದೆ. ‘ನಿಮ್ಮ ಬಗ್ಗೆ ಹೇಳಿ ಅಂದರು ಮಾಮ. ಎಷ್ಟು ನಿಮಿಷ ಅಂತ ಕೇಳಿದೆ. ನಕ್ಕರು.’ ಟೀಮಿಗೆ ಹೊಂದುವುದಿಲ್ಲ ಎಂದು ಈಮೇಲ್ ಬಂತು. ಎಷ್ಟು ನಿಮಿಷ ಎಂಬುದು ನನಗೆ ಬಹಳ ಸರಿಯಾದ ಪ್ರಶ್ನೆಯಾಗಿ ಕಾಣುತ್ತದೆ.

ಈಗ ಅವನು ಮೌಂಟ್ ರೋಡಿನಿಂದ ಒಳಗೆ ಹೋಗುವ ಜನರಲ್ ಪ್ಯಾಟರ್ಸ್ ರಸ್ತೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸ್ಟಾಕ್ ನೋಡಿಕೊಳ್ಳುತ್ತಾನೆ. ಬೇರಿಂಗ್, ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಗ್ಯಾಸ್ಕೆಟ್. ಮಹಡಿಯ ಮೇಲೆ ಸಾವಿರಾರು ಡಬ್ಬಿ, ಒಂದೊಂದಕ್ಕೂ ಒಂದು ನಂಬರು. ಅಂಗಡಿಯ ಮುದಲಾಳಿಗೆ ಆಸ್ಪರ್ಜರ್ ಎಂಬ ಪದ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಆಸೆಯೂ ಇಲ್ಲ. ಬಾಯಿಮಾತಿನಲ್ಲಿ ಹೇಳಿದ್ದು ಎರಡು ಸಲ ತಪ್ಪಾದ ಮೇಲೆ ಅವರು ಕೌಂಟರಿನ ಹುಡುಗರಿಗೆ ಹೇಳಿದ್ದು ಇಷ್ಟೇ: ‘ಅವನ್ ಕಿಟ್ಟೆ ವಾಯಾಲೆ ಸೊಲ್ಲಾದೆ, ಎಳುದಿ ಕುಡು.’ ಬಾಯಲ್ಲಿ ಹೇಳಬೇಡ, ಬರೆದು ಕೊಡು. ಅಂದಿನಿಂದ ಮೇಲಕ್ಕೆ ಚೀಟಿ ಹೋಗುತ್ತದೆ, ಕೆಳಕ್ಕೆ ಡಬ್ಬಿ ಬರುತ್ತದೆ. ಮಧ್ಯಾಹ್ನದವರೆಗೆ ಯಾರೂ ಮಹಡಿ ಹತ್ತುವುದಿಲ್ಲ. ಇದರಲ್ಲಿ ದಯೆ ಏನೂ ಇಲ್ಲ. ತಪ್ಪು ಬೇರಿಂಗ್ ಹೋದರೆ ಗಿರಾಕಿ ಹೋಗುತ್ತಾನೆ, ಅಷ್ಟೆ. ಗ್ರ್ಯಾಂಡಿನ್ ಪಟ್ಟಿಯಲ್ಲಿ ಸ್ಟಾಕ್ ಕೆಲಸ ಇದೆ, ನಿಜ. ಆದರೆ ಅದೇ ಬೀದಿಯ ಇನ್ನೊಂದು ಅಂಗಡಿಯಲ್ಲಿ ಅದೇ ಸ್ಟಾಕ್ ಕೆಲಸ ಅವನಿಗೆ ಒಂದು ವಾರವೂ ನಿಲ್ಲುತ್ತಿರಲಿಲ್ಲ. ಕೆಲಸ ಒಗ್ಗಿದ್ದು ಹುದ್ದೆಯ ಹೆಸರಿನಿಂದಲ್ಲ, ಆ ಚೀಟಿಯಿಂದ.

ಸರ್ಕಾರದ ಪಟ್ಟಿಗೆ ಬರುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಕೆಲಸಗಳಲ್ಲಿ 4 ಪ್ರತಿಶತ ಮೀಸಲಿಟ್ಟಿತು. ಅದರಲ್ಲಿ 1 ಪ್ರತಿಶತ ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ತೊಂದರೆ, ಮಾನಸಿಕ ಕಾಯಿಲೆ, ಬಹುವಿಧ ವೈಕಲ್ಯ ಇಷ್ಟೂ ಜನಕ್ಕೆ ಸೇರಿ. 1995ರ ಹಳೆಯ ಕಾಯ್ದೆಯಲ್ಲಿ ಆಟಿಸಂ ಎಂಬ ಪದವೇ ಇರಲಿಲ್ಲ, ಆದ್ದರಿಂದ ಇದು ಸಣ್ಣ ಮಾತಲ್ಲ. ಈ ಕಾಯ್ದೆಯ ಅಡಿಯಲ್ಲಿ ಬಂದದ್ದು 3566 ಹುದ್ದೆಗಳ ಪಟ್ಟಿ: ಎ ಗುಂಪಿನಲ್ಲಿ 1046, ಬಿ 515, ಸಿ 1724, ಡಿ 281.

ಪ್ರತಿ ಹುದ್ದೆಯ ಎದುರಿಗೆ, ಆ ಕೆಲಸಕ್ಕೆ ದೇಹ ಏನೇನು ಮಾಡಬೇಕು ಎಂಬುದನ್ನು ಅಕ್ಷರಗಳಲ್ಲಿ ಬರೆದಿದ್ದಾರೆ. ಎಸ್ ಎಂದರೆ ಕೂರುವುದು, ಎಸ್‌ಟಿ ನಿಲ್ಲುವುದು, ಡಬ್ಲ್ಯೂ ನಡೆಯುವುದು, ಬಿಎನ್ ಬಗ್ಗುವುದು, ಎಸ್‌ಇ ನೋಡುವುದು, ಎಚ್ ಕೇಳುವುದು, ಸಿ ಸಂವಹನ. ಓದುತ್ತ ಹೋದರೆ ಒಬ್ಬ ಮನುಷ್ಯ ಎದ್ದು ನಿಲ್ಲುತ್ತಾನೆ: ಅವನಿಗೆ ಸೊಂಟವಿದೆ, ಮಂಡಿಯಿದೆ, ಬೆರಳುಗಳಿವೆ, ಕಣ್ಣು ಕಿವಿಯಿವೆ. ಅವನ ಪಕ್ಕದ ಟೇಬಲ್ಲಿನಲ್ಲಿ ಯಾರೂ ಇಲ್ಲ. ಅವನ ತಲೆಯ ಮೇಲೆ ಮಿನುಗುವ ಟ್ಯೂಬ್‌ಲೈಟ್ ಇಲ್ಲ. ಕೂತ ಕೆಲಸ ಬಿಡಿಸಿ ಇನ್ನೊಂದು ಕೊಡುವ ಸಾಹೇಬರಿಲ್ಲ. ಕುರುಡರಿಗೆ, ಕಿವುಡರಿಗೆ, ಕಾಲಿಲ್ಲದವರಿಗೆ ದಶಕಗಳ ಹೋರಾಟದಿಂದ ಸಿದ್ಧವಾದ ಅಳತೆಗೋಲಿನಲ್ಲಿ ಆಟಿಸಂ ಇರುವವರನ್ನೂ ಅಳೆದಿದ್ದಾರೆ. ಸಂವಹನಕ್ಕೆ ಒಂದೇ ಅಕ್ಷರ. ಮಾತು ಬಾರದವನಿಗೂ, ಮೂರು ಭಾಷೆ ನಿರರ್ಗಳವಾಗಿ ಆಡಿ ‘ಪಾಕ್ಕಲಾಂ’ ಅರ್ಥವಾಗದವನಿಗೂ ಅದೇ ಸಿ.

ಹುದ್ದೆಗಳ ಪಕ್ಕದಲ್ಲಿ ಆಟಿಸಂ ಎಂದಿರುವ ಕಡೆ ಕಂಸದಲ್ಲಿ ಎಂ ಎಂಬ ಅಕ್ಷರ ಇದೆ: ಸೌಮ್ಯ ಪ್ರಮಾಣದ್ದು ಮಾತ್ರ ಎಂದು. ಕೆಲವು ಕಡೆ ಮಧ್ಯಮವನ್ನೂ ಸೇರಿಸಿದ್ದಾರೆ. ಇನ್ನೊಂದು ಕಡೆ, ಮೀಸಲಾತಿಗೆ 40 ಪ್ರತಿಶತ ವೈಕಲ್ಯದ ಪ್ರಮಾಣಪತ್ರ ಬೇಕು. ಆಟಿಸಂ ಅಳೆಯಲು ನಮ್ಮಲ್ಲಿ ಬಳಸುವ ಐಎಸ್‌ಎಎ ಎಂಬ ಮಾಪಕದಲ್ಲಿ 40 ಅಂಶಗಳಿವೆ, ಒಂದೊಂದಕ್ಕೆ 1ರಿಂದ 5 ಅಂಕ. 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ ಎಂದೇ ಲೆಕ್ಕ. ಆಸ್ಪರ್ಜರ್ ಇರುವ ಮೂವತ್ತರ ಗಂಡಸೋ ಹೆಂಗಸೋ ಇಷ್ಟು ವರ್ಷ ಬಾಳಿ ಕಲಿತದ್ದೇ ತನ್ನ ತೊಂದರೆ ಹೊರಗೆ ಕಾಣದಂತೆ ನೋಡಿಕೊಳ್ಳುವುದನ್ನು. ಪರೀಕ್ಷೆಯ ಕೊಠಡಿಯಲ್ಲಿ ಕಣ್ಣಿಟ್ಟು ನೋಡಿ ಮಾತಾಡಿಬಿಟ್ಟರೆ ಅಂಕ ಕಡಿಮೆ, ಪ್ರಮಾಣಪತ್ರ ಇಲ್ಲ. ಅದೇ ಜಾಣ್ಮೆ ಕೆಲಸದ ಇಂಟರ್‌ವ್ಯೂಗೆ ಸಾಲುವುದಿಲ್ಲ, ಕೆಲಸವೂ ಇಲ್ಲ. ಪ್ರಮಾಣಪತ್ರದ ಕೊಠಡಿಯಲ್ಲಿ ಇವರು ಹೆಚ್ಚು ಸರಿಯಾಗಿದ್ದಾರೆ, ಕೆಲಸದ ಕೊಠಡಿಯಲ್ಲಿ ಕಡಿಮೆ ಸರಿಯಾಗಿದ್ದಾರೆ. ಈ ಪಟ್ಟಿಯನ್ನು ಮೂರು ವರ್ಷ ಮೀರದಂತೆ ಪರಿಶೀಲಿಸುತ್ತಿರಬೇಕು ಎಂದು ಕಾಯ್ದೆಯ 33ನೆಯ ಕಲಮೇ ಹೇಳುತ್ತದೆ. ಪರಿಶೀಲಿಸುವವರು ಹುದ್ದೆಗಳನ್ನು 4000 ಮಾಡುವುದಕ್ಕಿಂತ ಅಕ್ಷರಗಳನ್ನು ಹೆಚ್ಚಿಸಲಿ: ಸದ್ದು ಎಷ್ಟು, ದಿನಕ್ಕೆ ಎಷ್ಟು ಸಲ ಕೆಲಸ ಬದಲಾಗುತ್ತದೆ, ಆದೇಶ ಬರಹದಲ್ಲಿ ಬರುತ್ತದೋ ಬಾಯಲ್ಲೋ.

ಗ್ರ್ಯಾಂಡಿನ್ ಪಟ್ಟಿಯ ದೋಷ ಬೇರೆ ಥರದ್ದು. ಅದು ಒಳಗಿನಿಂದ ಬರೆದದ್ದು, ತಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಿ ಬರೆದದ್ದು. ಆದರೆ 2004ರಲ್ಲಿ ಕೇಟ್ ಡಫಿ ಜೊತೆ ಅವರು ಬರೆದ ಪುಸ್ತಕದ ಹೆಸರೇ ಪ್ರತಿಭೆಗಳನ್ನು ಬೆಳೆಸುವ ಬಗ್ಗೆ. ಪ್ರತಿಭೆಯೇ ಪ್ರವೇಶದ ಟಿಕೆಟ್ ಎಂಬ ಭಾವ ಅಲ್ಲಿಂದ ಶುರುವಾಗಿ ನಮ್ಮ ಕಥೆಗಳಿಗೂ ಕಂಪನಿಗಳಿಗೂ ಹಬ್ಬಿದೆ. ಡೆನ್ಮಾರ್ಕಿನಲ್ಲಿ ಥಾರ್ಕಿಲ್ ಸೋನೆ 2004ರಲ್ಲಿ ‘ಸ್ಪೆಷಲಿಸ್ಟರ್ನ್’ ಎಂಬ ಕಂಪನಿ ಶುರುಮಾಡಿ ಆಟಿಸಂ ಇರುವವರನ್ನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ತಂದರು. ಇಂಟರ್‌ವ್ಯೂ ಬದಲು ಲೆಗೊ ರೋಬೋಟ್‌ಗಳನ್ನು ಕಟ್ಟಲು ಬಿಟ್ಟು ನೋಡಿದ್ದು ಅವರ ಹೆಚ್ಚುಗಾರಿಕೆ. 2013ರಲ್ಲಿ ಸ್ಯಾಪ್ ಕಂಪನಿ ಅವರ ಜೊತೆ ಸೇರಿ, 2020ರ ಹೊತ್ತಿಗೆ ತನ್ನ ನೌಕರರಲ್ಲಿ 1 ಪ್ರತಿಶತ ಆಟಿಸಂ ಇರುವವರಾಗಬೇಕು ಎಂದು ಘೋಷಿಸಿತು. ಆ ಪ್ರಯೋಗದ ಮೊದಲ ಹೆಜ್ಜೆಗಳಲ್ಲಿ ಒಂದು ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಆರು ಜನ ಟೆಸ್ಟರ್‌ಗಳೊಂದಿಗೆ. ಒಳ್ಳೆಯದೇ ಆಯಿತು. ಆದರೆ ಆಗ ಬಂದ ಪತ್ರಿಕಾ ವರದಿಗಳನ್ನು ಓದಿದರೆ, ಬೇರೆಯವರ ಕಣ್ಣಿಗೆ ಬೀಳದ ತಪ್ಪು ಹಿಡಿಯುವ ಅತಿಮಾನುಷ ಕಣ್ಣಿನದೇ ವರ್ಣನೆ. ಸಾಧಾರಣ ಕಣ್ಣಿನ ಆಸ್ಪರ್ಜರ್‌ಗಳೂ ಇದ್ದಾರೆ. ಬಹುಪಾಲು ಅವರೇ.

ಸಿನಿಮಾ ಈ ವಿಷಯದಲ್ಲಿ ಇನ್ನೂ ಆತುರದ್ದು. ‘ಮೈ ನೇಮ್ ಈಸ್ ಖಾನ್’ (2010) ನಾಯಕನಿಗೆ ಆಸ್ಪರ್ಜರ್ ಇದೆ, ಚಿಕ್ಕಂದಿನಿಂದ ಏನು ಕೆಟ್ಟರೂ ರಿಪೇರಿ ಮಾಡುವ ಕೈ ಇದೆ. ಸದ್ದಿಗೆ, ಹಳದಿ ಬಣ್ಣಕ್ಕೆ ಬೆಚ್ಚುವ ಆ ಮನುಷ್ಯನಿಗೆ ಅಣ್ಣತಮ್ಮಂದಿರ ಸಂಬಂಧದಲ್ಲಿ ಸಿಕ್ಕ ಕೆಲಸ ಯಾವುದು? ಸ್ಯಾನ್ ಫ್ರಾನ್ಸಿಸ್ಕೊದ ಬ್ಯೂಟಿ ಪಾರ್ಲರುಗಳಿಗೆ ಅಲೆದು ಗಿಡಮೂಲಿಕೆ ಕ್ರೀಮು ಮಾರುವುದು. ಕೇಡಿನ ಕೆಲಸಗಳ ಪಟ್ಟಿ ಮಾಡಿದರೆ ಮೊದಲ ಸಾಲಿನಲ್ಲೇ ಬರುವಂಥದ್ದು. ಅದು ಎಷ್ಟು ಕಷ್ಟದ್ದು ಎಂಬುದರ ಮೇಲೆ ಸಿನಿಮಾ ನಿಲ್ಲುವುದೇ ಇಲ್ಲ, ನಾಯಕಿ ಪಾರ್ಲರಿನಲ್ಲಿ ಸಿಗಬೇಕಲ್ಲ. ರಿಪೇರಿ ಕೈ ದಾರಿಖರ್ಚಿಗೆ, ಕೊನೆಗೆ ಪ್ರವಾಹದಲ್ಲಿ ಊರನ್ನು ಕಾಪಾಡುವುದಕ್ಕೆ ಬಳಕೆಯಾಗುತ್ತದೆ, ಹೊಟ್ಟೆಪಾಡಿಗೆ ಅಲ್ಲ. ತಮಿಳಿನ ‘ಹರಿದಾಸ್’ (2013) ಇದಕ್ಕಿಂತ ಪ್ರಾಮಾಣಿಕ. ನಮ್ಮ ಚನ್ನಪಟ್ಟಣದ ಕಿಶೋರ್ ಆಟಿಸಂ ಇರುವ ಮಗನ ಪೊಲೀಸ್ ತಂದೆಯಾಗಿ ಎಷ್ಟು ಹದವಾಗಿ ಮಾಡಿದ್ದಾರೆ ಎಂದರೆ ಚೆನ್ನೈಯವರು ಅವರನ್ನು ತಮ್ಮವರೇ ಅಂದುಕೊಂಡರು. ಆದರೆ ಅಲ್ಲೂ ಹುಡುಗ ಓಟದಲ್ಲಿ ಗೆಲ್ಲಬೇಕು. ಓಡಲಾರದ ಹರಿದಾಸನ ಕಥೆಗೆ ನಿರ್ಮಾಪಕರು ಸಿಗುತ್ತಿದ್ದರೋ ಇಲ್ಲವೋ.

ಕೆಲಸದ ದಿನ ಹೇಗಿರುತ್ತದೆ ಎಂಬುದನ್ನು ಬಿಡದೆ ನೋಡಿದ ಕೃತಿ ನಾನು ಓದಿದ್ದರಲ್ಲಿ ಒಂದೇ, ಎಲಿಜಬೆತ್ ಮೂನ್ ಅವರ ‘ದಿ ಸ್ಪೀಡ್ ಆಫ್ ಡಾರ್ಕ್’. ಲೂ ಮತ್ತು ಅವನ ಆಟಿಸ್ಟಿಕ್ ಸಹೋದ್ಯೋಗಿಗಳು ಒಂದು ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ. ಅವರ ವಿಭಾಗಕ್ಕೆ ಕುಣಿದು ದಣಿವಾರಿಸಿಕೊಳ್ಳಲು ಪುಟ್ಟ ಜಿಮ್ ಇದೆ, ಸಂಗೀತ ಹಾಕಿಕೊಳ್ಳಬಹುದು. ಇದಕ್ಕಾಗಿ ಕಂಪನಿಗೆ ತೆರಿಗೆ ರಿಯಾಯಿತಿಯೂ ಇದೆ. ಕ್ರೆನ್‌ಷಾ ಎಂಬ ಹೊಸ ಮ್ಯಾನೇಜರ್ ಬಂದು ಇವೆಲ್ಲ ಐಷಾರಾಮ, ಬೇರೆಯವರಿಗಿಲ್ಲದ್ದು ಇವರಿಗೇಕೆ ಎಂದು ಶುರುಮಾಡುತ್ತಾನೆ. ವ್ಯವಸ್ಥೆ ಬೇಡ, ಚಿಕಿತ್ಸೆ ಮಾಡಿಸಿಕೊಂಡು ಎಲ್ಲರಂತಾಗಿ ಎನ್ನುತ್ತಾನೆ. ಮೂನ್ ಅವರ ಮಗನಿಗೂ ಆಟಿಸಂ ಇದೆ. ಕಾದಂಬರಿಯ ಕೊನೆ ನನಗೆ ಒಪ್ಪಿಗೆಯಾಗಲಿಲ್ಲ: ಲೂ ಚಿಕಿತ್ಸೆ ಪಡೆದು ಬೇರೆ ಮನುಷ್ಯನಾಗುತ್ತಾನೆ, ಆಫೀಸಿನ ಜಗಳ ಅಲ್ಲಿಗೇ ಕರಗುತ್ತದೆ. ಆದರೆ ಕ್ರೆನ್‌ಷಾ ಪಾತ್ರದ ಸತ್ಯವನ್ನು ನಾನು ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ ಈಗ ನೋಡುತ್ತಿದ್ದೇನೆ. ಮುದಲಾಳಿಯ ಮಗ ಅಂಗಡಿಗೆ ಬಂದು ಕೂರುತ್ತಿದ್ದಾನೆ. ಓದಿದವನು, ಸಭ್ಯ. ಬಿಲ್ಲಿಂಗ್ ಸಾಫ್ಟ್‌ವೇರ್ ತರುತ್ತಾನಂತೆ. ಚೀಟಿ ಹಳೇ ಕಾಲದ್ದು, ಎಲ್ಲರೂ ಎಲ್ಲ ಕೆಲಸ ಕಲಿಯಬೇಕು, ತಂಬಿಯೂ ವಾರಕ್ಕೆ ಎರಡು ದಿನ ಕೌಂಟರಿಗೆ ಬರಲಿ ಎಂದಿದ್ದಾನೆ. ಅಕ್ಕ ನನ್ನನ್ನು ಮಾತಾಡು ಎಂದಳು. ಮಾತಾಡಿದೆ. ‘ಪಾಕ್ಕಲಾಂ ಸಾರ್’ ಅಂದ.

ಈ ಊರಿನಲ್ಲಿ ಏನೂ ನಡೆಯುತ್ತಿಲ್ಲ ಅಂತಲ್ಲ. ಕೋಟ್ಟೂರುಪುರದ ವಿದ್ಯಾಸಾಗರ್ 1985ರಿಂದ ಇದೆ, ಮುಟ್ಟುಕಾಡಿನಲ್ಲಿ ಕೇಂದ್ರ ಸರ್ಕಾರದ ಬಹುವಿಧ ವೈಕಲ್ಯ ಸಂಸ್ಥೆ ಇದೆ, ಮರೀನಾ ಎದುರಿನ ಮ್ಯೂಸಿಯಂ ಆಫ್ ಪಾಸಿಬಿಲಿಟೀಸ್‌ನಲ್ಲಿ ಅಂಗವಿಕಲರೇ ನಡೆಸುವ ಕೆಫೆ ಇದೆ. 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆ ಈಗ ಎಷ್ಟೋ ಊರುಗಳಲ್ಲಿದೆ. ಎಷ್ಟೋ ಜನರ ಬದುಕು ಇದರಿಂದ ಹಸನಾಗಿದೆ, ಆ ಬಗ್ಗೆ ನನಗೆ ಗೌರವವೇ. ಆದರೆ ಆಸ್ಪರ್ಜರ್ ಇರುವವರಿಗೆ ಕೆಫೆಗಿಂತ ಕಠಿಣ ಜಾಗ ಕಡಿಮೆ: ಮಿಕ್ಸಿ ಸದ್ದು, ಬದಲಾಗುವ ಆರ್ಡರು, ನಗುತ್ತ ಮಾತಾಡಿಸಬೇಕಾದ ಗಿರಾಕಿ. ಕೆಫೆ ಕಣ್ಣಿಗೆ ಕಾಣುತ್ತದೆ, ಫೋಟೋಗೆ ಬರುತ್ತದೆ. ಮಹಡಿಯ ಮೇಲಿನ ಡಬ್ಬಿಗಳ ನಡುವೆ ಒಬ್ಬನೇ ಕೂತವನ ಫೋಟೋ ಯಾರು ತೆಗೆಯುತ್ತಾರೆ?

ಕನ್ನಡದಲ್ಲಿ ಈ ವಿಷಯಕ್ಕೆ ಹತ್ತಿರದ ಪುಸ್ತಕ ಯಾವುದು ಎಂದು ಯೋಚಿಸಿದಾಗ ನನಗೆ ಹೊಳೆದದ್ದು ‘ಕರ್ವಾಲೊ’. ಮಂದಣ್ಣನಿಗೆ ಆಸ್ಪರ್ಜರ್ ಇಲ್ಲ; ಹಳೆಯ ಪಾತ್ರಗಳಿಗೆಲ್ಲ ಹೊಸ ಕಾಯಿಲೆಯ ಹೆಸರು ಅಂಟಿಸುವ ಚಟ ನನಗೂ ಇಲ್ಲ. ಆದರೆ ಅದು ಕೆಲಸ ಹುಡುಕುವವನ ಕಾದಂಬರಿಯೂ ಹೌದು ಎಂಬುದನ್ನು ಹಾರುವ ಓತಿಯ ಗಡಿಬಿಡಿಯಲ್ಲಿ ನಾವು ಮರೆತಿದ್ದೇವೆ. ಮಂದಣ್ಣನಿಗೆ ಮದುವೆಯಾಗಬೇಕು, ಅದಕ್ಕೊಂದು ನೌಕರಿ ಬೇಕು. ಊರಿನ ಕಣ್ಣಿಗೆ, ಮೊದಮೊದಲು ನಿರೂಪಕನ ಕಣ್ಣಿಗೂ, ಅವನು ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಮಾತ್ರ ಅವನನ್ನು ಕುರ್ಚಿಯ ಎದುರು ನಿಲ್ಲಿಸಿ ನಿನ್ನ ಬಗ್ಗೆ ಹೇಳು ಎನ್ನುವುದಿಲ್ಲ. ಅವನು ಏನನ್ನು ನೋಡುತ್ತಾನೆ, ಹೇಗೆ ನೋಡುತ್ತಾನೆ ಎಂದು ಗಮನಿಸುತ್ತಾರೆ. ಲೆಗೊ ರೋಬೋಟಿಗೆ ಎರಡು ದಶಕ ಮೊದಲೇ ಮೂಡಿಗೆರೆಯಲ್ಲಿ ಆದ ಇಂಟರ್‌ವ್ಯೂ ಅದು.

ಆದರೂ ತೇಜಸ್ವಿಯವರನ್ನು ಎಷ್ಟೇ ಮೆಚ್ಚಿದರೂ ಒಂದು ತಕರಾರು ಉಳಿಯುತ್ತದೆ. ಮಂದಣ್ಣನ ಬೆಲೆ ಕಾದಂಬರಿಯಲ್ಲಿ ಏರುವುದು ಅವನು ಆ ಓತಿಯನ್ನು ಕಂಡವನು ಎಂಬುದರಿಂದ. ಕಾಣದೇ ಇದ್ದಿದ್ದರೆ? ಅಂಥ ಇನ್ನೊಬ್ಬ ಮಂದಣ್ಣ ಆ ಕಾಡಿನಲ್ಲಿ ಇದ್ದೇ ಇರುತ್ತಾನೆ. ಜೇನುಪೆಟ್ಟಿಗೆ ಸರಿಯಾಗಿ ಇಡಬಲ್ಲ, ಅಷ್ಟೇ ಬಲ್ಲ. ಅವನಿಗೂ ಮದುವೆಯ ವಯಸ್ಸು. ಅವನ ಹತ್ತಿರ ವಿಜ್ಞಾನ ಯಾವತ್ತೂ ಬರುವುದಿಲ್ಲ, ಬಂದರೆ ಒಬ್ಬ ಮುದಲಾಳಿ ಬರಬೇಕು, ಕೈಯಲ್ಲೊಂದು ಚೀಟಿ ಹಿಡಿದುಕೊಂಡು.